ಮುತ್ತಜ್ಜನ ಬಂಗಾರ, ನನ್ನ ಕೊರಳು

ನನ್ನ ಗಂಡನ ಮನೆತನಕ್ಕೆ ಬಂಗಾರದ ಹುಚ್ಚು ಹಿಡಿಸಿದ್ದು ಅವರ ಮುತ್ತಜ್ಜ. ಗದಗ ಸೀಮೆಯ ಗುಡ್ಡಗಳಲ್ಲಿ ಬಂಗಾರವಿದೆ ಎಂದು ಬಿಳಿಯರ ಕಂಪನಿ ಬಂದಾಗ, ಊರಿನಿಂದ ಮೊದಲು ಗುದ್ದಲಿ ಹೊತ್ತು ಹೋದವನು ಅವನೇ. ಹೊರಡುವಾಗ ಹೊಸ ಹೆಂಡತಿಗೆ ಮಾತು ಕೊಟ್ಟನಂತೆ: "ತಾಳಿಗೆ ಅಂಗಡಿ ಬಂಗಾರ ಬ್ಯಾಡ. ನಾನ ಅಗದು ತರ್ತೀನಿ." ಅಲ್ಲಿಯವರೆಗೆ ಅವಳ ಕೊರಳಲ್ಲಿ ಅರಿಶಿನದ ಕೊಂಬು. ಸುರಂಗದಲ್ಲಿ ಸಿಕ್ಕಿದ್ದೆಲ್ಲ ಕಂಪನಿಯ ಪಾಲು; ಸಂಜೆ ಮೇಲೆ ಬಂದವರ ಬಾಯಿ, ಕಿವಿ, ಧೋತರದ ಗಂಟು ತಡಕಿಯೇ ಮನೆಗೆ ಬಿಡುತ್ತಿದ್ದರಂತೆ. ಕಡೆಗೆ ಕಂಪನಿ ಬಾಗಿಲು ಹಾಕಿತು, ದೊರೆಗಳು ಹಡಗು ಹತ್ತಿದರು, ಉಳಿದವರು ಹೊಲಕ್ಕೆ ಮರಳಿದರು. ಈ ಪುಣ್ಯಾತ್ಮ ಮಾತ್ರ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆಯುತ್ತ, ಕೆಮ್ಮುತ್ತ ಅಲ್ಲೇ ಉಳಿದ. ಅವನು ಸತ್ತ ದಿನ ಅವಳ ಕೊರಳಿಂದ ತೆಗೆದದ್ದೂ ಅರಿಶಿನದ ಕೊಂಬನ್ನೇ.

ಅಲ್ಲಿಗೆ ಮುಗಿಯಬೇಕಿತ್ತಲ್ಲ? ಎಲ್ಲಿಯ ಮಾತು! ಮುತ್ತಜ್ಜನ ಮಾತು ನಡೆಯುವವರೆಗೆ ಈ ಮನೆಯ ಸೊಸೆಯರಿಗೆ ಕೊಂಡ ಬಂಗಾರದ ತಾಳಿ ಇಲ್ಲ ಎಂದು ಪದ್ಧತಿಯಾಯಿತು. ಅತ್ತೆ ಹಾಗೇ ಬಾಳಿದರು. ನಾನೂ ಕೊಂಬು ಕಟ್ಟಿಸಿಕೊಂಡೇ ಶಿಕಾಗೊ ಕಡೆಗೆ ಬಂದೆ. ವುಡ್‌ರಿಡ್ಜ್‌ನಲ್ಲಿ ಮನೆ, ಎರಡು ಕಾರು, ಕೊರಳಲ್ಲಿ ಒಣ ಬೇರು! ಅಂಗಿಗಳ ಕಾಲರ್ ಎಲ್ಲ ಹಳದಿ. ಆಫೀಸಿನಲ್ಲಿ ಕೇಳಿದವರಿಗೆಲ್ಲ ಉತ್ತರ ಹೇಳಿ ನನಗೆ ಸಾಕುಸಾಕಾಗಿದೆ.

ಗಂಡ ಇಂಜಿನಿಯರ್, ಓದಿದವರು. ಆದರೂ ಬೇಸಿಗೆ ಬಂತೆಂದರೆ ಪ್ರತಿ ಶನಿವಾರ ಮರಳು ತೊಳೆಯುವ ಪ್ಲಾಸ್ಟಿಕ್ ತಟ್ಟೆ, ಮೊಣಕಾಲುದ್ದದ ಬೂಟು ಹೇರಿಕೊಂಡು ಯಾವುದೋ ಹಳ್ಳಕ್ಕೆ ಡ್ರೈವ್ ಮಾಡುತ್ತಾರೆ. ಹಿಮನದಿಗಳು ಎಂದೋ ತಂದು ಬಿಟ್ಟ ಮರಳಿನಲ್ಲಿ ಇಲ್ಲೂ ಬಂಗಾರದ ಪುಡಿ ಇದೆಯಂತೆ. ಸಂಜೆ ಕೆಸರು ಮೆತ್ತಿಕೊಂಡು ಬಂದು, ಗಾಜಿನ ಸೀಸೆಯನ್ನು ದೀಪಕ್ಕೆ ಹಿಡಿದು, "ನೋಡಿಲ್ಲೆ, ಹೆಂಗ ಮಿಂಚಾಕತ್ತದ!" ಎನ್ನುತ್ತಾರೆ. ನನಗೆ ಕಾಣುವುದು ಗರಾಜಿನ ತುಂಬ ಮರಳಿನ ಬಕೆಟ್.

ಈ ವರ್ಷ ಮಗನ ಮದುವೆ ಗೊತ್ತಾಯಿತು. ಹುಡುಗಿ ಹತ್ತಿರದ ವೆಸ್ಟ್‌ಮಂಟ್ ಊರಿನವರ ಮಗಳು, ಇಲ್ಲೇ ಹುಟ್ಟಿದವಳು. ಈ ಕರ್ಮ ನನ್ನ ಕೊರಳಿಗೇ ಮುಗಿಯಲಿ ಎಂದುಕೊಂಡೆ.

"ಆ ಹುಡುಗಿಗೆ ಬೇರು ಕಟ್ಟಿಸಿದ್ರ ನಾ ಮದವಿಗೇ ಬರಂಗಿಲ್ಲ ನೋಡ್ರಿ."

"ಇನ್ನೊಂದು ಬ್ಯಾಸಿಗಿ ತಡಿ. ಮದವಿ ಸ್ವಲ್ಪ ಮುಂದ ಹಾಕೋಣು."

ಮೈಯೆಲ್ಲ ಉರಿದುಹೋಯಿತು. "ನಿಮ್ಮ ಮುತ್ತಜ್ಜನೂ ಹಿಂಗ ಅಂದಿದ್ದ! ನಡೀರಿ, ಕಾರ್ ಹತ್ರಿ," ಎಂದು ಸೀಸೆ ಕಸಿದುಕೊಂಡು ಅವರನ್ನು ಚಿನ್ನದಂಗಡಿಗೆ ಕರೆದೊಯ್ದೆ. ಅಷ್ಟೂ ಬೇಸಿಗೆಗಳ ಪುಡಿ ಕರಗಿ, ಕಾಳುಮೆಣಸಿಗಿಂತ ಸಣ್ಣದೊಂದು ಗುಂಡಾಯಿತು. ಇವರು ಅಂಗಡಿಯಲ್ಲೇ ಕಣ್ಣೊರೆಸಿಕೊಂಡರು. ಸುಳ್ಳು ಯಾಕೆ ಹೇಳಲಿ, ನಾನೂ ಅದನ್ನು ಎರಡೆರಡು ಸಲ ಅಂಗೈ ಮೇಲಿಟ್ಟು ನೋಡಿದೆ.

ಮದುವೆಯಲ್ಲಿ ಕರಿಮಣಿಗಳ ನಡುವೆ ಆ ಗುಂಡು ಸೊಸೆಯ ಕೊರಳೇರಿತು. "ಆಂಟಿ, ಇಟ್ಸ್ ಸೋ ಬ್ಯೂಟಿಫುಲ್," ಎಂದಳು. ಮುತ್ತಜ್ಜನ ಮಾತು ನಡೆಯಿತೆಂದು ಇವರು ಊಟಕ್ಕೆ ಕೂತವರಿಗೆಲ್ಲ ಹೇಳಿಕೊಂಡು ಬಂದರು. ನನ್ನ ಕೊರಳಿನ ಕಡೆ ಯಾರೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ನಾನೇ ಬಾಯಿಬಿಟ್ಟೆ. "ರೀ, ಮಾತು ನಡೀತಲ್ಲ. ಇನ್ನರ ನಾ ಅಂಗಡಿ ಬಂಗಾರದ ತಾಳಿ ಹಾಕ್ಕೋಬಹುದಲ್ಲ?"

"ನಿನಗ ಅಂಗಡೀದಾ?" ಅವರ ಮುಖ ಸಣ್ಣದಾಯಿತು. "ಛೆ ಛೆ! ಹಳ್ಳದಾಗ ಬಂಗಾರ ಅದ ಅಂತ ಈಗ ಖಾತ್ರಿ ಆತಲ್ಲ. ಮುಂದಿಂದು ನಿಂದ. ನಾನ ತೆಗದು ತರ್ತೀನಿ."

ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಪ್ರೀತಿಯಿಂದಲೇ ಅಂದಿದ್ದರು, ಅದಕ್ಕೇ ಜಗಳ ತೆಗೆಯಲೂ ಆಗಲಿಲ್ಲ. ಮುತ್ತಜ್ಜಿಗೂ ಆ ಮುತ್ತಜ್ಜ ಪ್ರೀತಿಯಿಂದಲೇ ಅಂದಿರಬೇಕು.

ಶನಿವಾರ ಅವರು ಹಳ್ಳಕ್ಕೆ ಹೋದರು. ನನ್ನ ಕೊಂಬು ಸವೆದಿತ್ತು. ಬೋಲಿಂಗ್‌ಬ್ರೂಕ್‌ನ ಇಂಡಿಯನ್ ಸ್ಟೋರಿಗೆ ಹೋಗಿ ಹೊಸದು ತಂದೆ.