ಹುಳುಮನೆಯ ಚಾರ್ಟಿನಲ್ಲಿ ಕೆಂಪು ಚುಕ್ಕೆ

ಬೈರಾಪಟ್ಟಣದ ಭಾನುಪ್ರಿಯ ಪಿಯುಸಿಯಲ್ಲಿ ಗಣಿತಕ್ಕೆ ಎಂಬತ್ತೊಂಬತ್ತು ಅಂಕ ತೆಗೆದವಳು. ಇದನ್ನು ಮೊದಲೇ ಹೇಳಿಬಿಡಬೇಕು. ಅವಳಿಗಿಂತ ಹೆಚ್ಚು ಓದಿದವರಿಗೆ ನಾಲ್ಕು ವರ್ಷ ಕಂಡದ್ದು, ಹಿಪ್ಪುನೇರಳೆಯ ಹಾಲು ಹತ್ತಿ ಕಪ್ಪಾದ ಅವಳ ಬೆರಳುಗಳು ಮಾತ್ರ.

ಅವಳು ಸೊಸೆಯಾಗಿ ಬಂದ ಮನೆಗೆ ಒಂದೂಕಾಲು ಎಕರೆ ಹಿಪ್ಪುನೇರಳೆ, ಹಿತ್ತಿಲಲ್ಲಿ ಶೀಟು ಹೊದಿಸಿದ ಉದ್ದನೆಯ ಹುಳುಮನೆ. ಗಂಡ ಲೋಕೇಶ್ ಹಾರೋಹಳ್ಳಿಯ ಫ್ಯಾಕ್ಟರಿಗೆ ಎರಡು ಬಸ್ಸು ಬದಲಿಸಿ ಹೋಗಿಬರುವವನು. ರೇಷ್ಮೆ ಅತ್ತೆ ಕಾವೇರಮ್ಮನ ಕೈಯಲ್ಲಿತ್ತು. ಆಕೆಯ ಮಂಡಿ ಸೋತ ಮೇಲೆ ಭಾನುಪ್ರಿಯಳ ಕೈಗೆ ಬಂತು. ಜೊತೆಗೆ ಮನೆಯ ಕಟ್ಟಳೆಯೂ ಬಂತು: ಬೆಳಗಿನ ಸೊಪ್ಪು ಹುಳಕ್ಕೆ ಬೀಳುವ ತನಕ ಮನೆಯಲ್ಲಿ ಯಾರ ಬಾಯಿಗೂ ತುತ್ತು ಹೋಗಬಾರದು. ಎಂಜಲು ಕೈ ಹುಳಕ್ಕೆ ಆಗಿಬರುವುದಿಲ್ಲ.

ಹುಳ ಸಣ್ಣದಿದ್ದಾಗ ಏಳು ಗಂಟೆಗೆಲ್ಲ ಈ ಕೆಲಸ ಮುಗಿಯುತ್ತದೆ. ಕೊನೆಯ ವಾರದಲ್ಲಿ ಹಾಗಲ್ಲ. ಆಗ ಹುಳಗಳು ಸೊಪ್ಪು ಮೇಯುವ ಸದ್ದು ಶೀಟಿನ ಮೇಲೆ ಸೋನೆ ಬಿದ್ದಂತೆ ಕೇಳುತ್ತದೆ. ಹುಳ ಹರವಿದ ಎಲ್ಲ ಅಟ್ಟಣಿಗೆಗಳಿಗೂ ಕೊಟ್ಟು ಮುಗಿಸುವಷ್ಟರಲ್ಲಿ ಒಂಬತ್ತಾಗುತ್ತದೆ. ನಡುನಡುವೆ ಹುಳ ಪೊರೆ ಬಿಡುವ ದಿನಗಳು ಬರುತ್ತವೆ. ಅದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಆ ದಿನ ಹುಳ ತಲೆಯೆತ್ತಿ ಕದಲದೆ ಕೂರುತ್ತದೆ, ಏನೂ ತಿನ್ನುವುದಿಲ್ಲ. ಮನೆಯವರು ಎದ್ದ ಕೂಡಲೇ ಉಣ್ಣಬಹುದು.

ಮಗಳು ಪೂರ್ವಿಕಾ ಐದನೇ ವಯಸ್ಸಿನಲ್ಲಿ ಹುಳುಮನೆಯ ಹೊಸ್ತಿಲ ಮೇಲೆ ಮೊದಲ ಸಲ ಬಿದ್ದಳು. ಕಣ್ಣು ಮೇಲೆ ಸಿಕ್ಕಿಕೊಂಡಿತು, ಬಲಗೈ ತಾನೇ ತಾನಾಗಿ ಜಗ್ಗತೊಡಗಿತು. ಕಾವೇರಮ್ಮ ಬೀಗದ ಕೈ ತಂದು ಮಗುವಿನ ಮುಷ್ಟಿಗೆ ತುರುಕಿ, "ಈರುಳ್ಳಿ ಜಜ್ಜಮ್ಮಿ ಬಿರ್ನೆ!" ಎಂದು ಕೂಗಿದಳು. ಅಷ್ಟು ಹೊತ್ತಿಗೆ ಮಗು ತಾನೇ ಸುಮ್ಮನಾಗಿತ್ತು. ಜೀವ ಇರುವ ಹುಳವನ್ನು ಬೇಯಿಸಿ ನೂಲು ತೆಗೆಯುವವರಿಗೆ ಮಾರಿ ಬದುಕುತ್ತೇವಲ್ಲ, ಅದರ ಶಾಪ ಎಂದರು ನೆರೆಯವರು. ಅವರೂ ಹುಳ ಸಾಕುವವರೇ.

ಭಾನುಪ್ರಿಯ ಶಾಪವನ್ನು ಹುಡುಕಿಕೊಂಡು ಹೋಗಲಿಲ್ಲ. ಹುಳುಮನೆಯ ಗೋಡೆಗೆ ಒಂದು ಚಾರ್ಟು ತೂಗುತ್ತಿತ್ತು: ತಾರೀಕು, ಸೊಪ್ಪು ಕೊಟ್ಟ ಹೊತ್ತು, ಶಾಖ, ತೇವ, ಜ್ವರದ ದಿನ. ಮಗಳು ಬಿದ್ದ ದಿನ ಆ ಸಾಲಿನಲ್ಲಿ ಕುಂಕುಮ ಕಲಸಿ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಹೊತ್ತು ಬರೆದಳು. ಮೂರು ಬೆಳೆ ಮುಗಿದಾಗ ಹನ್ನೊಂದು ಚುಕ್ಕೆಗಳಿದ್ದವು. ಹತ್ತು, ಬೆಳಗಿನ ಏಳೂವರೆಯಿಂದ ಒಂಬತ್ತರೊಳಗಿನವು. ಜ್ವರದ ದಿನಗಳಲ್ಲಿ ಒಂದೂ ಇಲ್ಲ.

ಭಾನುವಾರ ಲೋಕೇಶನ ಮುಂದೆ ಚಾರ್ಟು ಹಾಸಿದಳು.

"ಏನಮ್ಮಿ ಇದು, ಮತ್ತೆ ಪರೀಕ್ಷೆ ಕಟ್ಟಿದೀಯಾ?"

"ತಮಾಷೆ ಬುಡಿ, ಒಸಿ ನೋಡಿ. ಹುಳ ಉಪಾಸ ಇದ್ದ ದಿನ ನಮ್ಮ ಮಗು ಬಿರ್ನೆ ಉಂಡೈತೆ. ಉಂಡ ದಿನ ಒಂದ್ ಸಲನೂ ಬಿದ್ದಿಲ್ಲ. ಇದು ಹಸ್ಕೊಂಡ್ರೆ ಬತ್ತೈತೆ ಕಣ್ರೀ."

ಲೋಕೇಶ್ ಬೆರಳಿಟ್ಟು ಎರಡು ಸಲ ಎಣಿಸಿದ. ಮೂರನೆಯ ಸಲ ಎಣಿಸುವಾಗ ಅವನಿಗೆ ನಗು ಬರಲಿಲ್ಲ.

ಮರುದಿನದಿಂದ ಭಾನುಪ್ರಿಯ ಸೊಪ್ಪಿಗೆ ಹೋಗುವ ಮುಂಚೆಯೇ ಮಗಳಿಗೆ ಉಣ್ಣಿಸಿದಳು. "ಉಳಕ್ಕಿಂತ ಮುಂಚೆ ಮಗಳಿಗಿಕ್ತಾಳಂತೆ ಮಹಾರಾಣಿ. ಇನ್ಮೇಲೆ ಉಳ ಯಾಕೆ, ಇವಳೇ ಗೂಡು ಕಟ್ಕೊಡ್ತಾಳೆ ಬುಡು!" ಎಂದಳು ಕಾವೇರಮ್ಮ. ಆ ಬೆಳೆಗೆ ಸಪ್ಪೆ ರೋಗ ಬಂದು ಅರ್ಧ ಹುಳ ತಿಪ್ಪೆಗೆ ಹೋದಾಗ, ಅದರ ಹೊಣೆಯೂ ಆ ಎಂಜಲು ಕೈಗೇ ಬಂತು. ಭಾನುಪ್ರಿಯ ಜಗ್ಗಲಿಲ್ಲ. ಬೆಳಗಿನ ಚುಕ್ಕೆಗಳು ಕಡಿಮೆಯಾದವು. ಆದರೆ ಶಾಲೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಹೊಸ ಚುಕ್ಕೆಗಳು ಶುರುವಾದವು. ಇದು ಮನೆಯ ಮದ್ದಿಗೆ ಬಗ್ಗುವುದಲ್ಲ ಎಂದು ಅವಳಿಗೆ ಗೊತ್ತಾಯಿತು. ತಿಳಿದವರು ಯಾರಾದರೂ ಅವಳ ಮಾತನ್ನು ನಂಬಬೇಕಿತ್ತು. ಅವಳು ಬೇಡಿದ್ದು ಅಷ್ಟೇ.

೨೦೨೧ರ ಆಗಸ್ಟ್ ಹನ್ನೊಂದರಂದು ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅವರ ಸರದಿ ಬಂತು. ಡಾಕ್ಟರು ಸ್ಕ್ಯಾನು ನೋಡಿದರು, ರಕ್ತದ ವರದಿ ನೋಡಿದರು.

"ಹಸಿವಿಗೂ ಇದಕ್ಕೂ ಸಂಬಂಧ ಇಲ್ಲಮ್ಮ. ರಕ್ತದಲ್ಲಿ ಸಕ್ಕರೆ ಸರಿಯಾಗೇ ಇದೆ."

"ಸಾರ್, ಈ ಚಾರ್ಟ್ ಒಂದ್ಸಲ ನೋಡಿ. ಹುಳಕ್ಕೆ ಜ್ವರ ಬಂದ ದಿನ ಮಗು..."

"ಹುಳಕ್ಕೆ ಜ್ವರ?" ಡಾಕ್ಟರು ಪಕ್ಕದಲ್ಲಿ ನಿಂತಿದ್ದ ಕಿರಿಯರ ಕಡೆ ತಿರುಗಿದರು. ಅವರೆಲ್ಲ ನಕ್ಕರು. ಆಯಾ ತಂದಿಟ್ಟ ಟೀ ಕಪ್ಪನ್ನು ಡಾಕ್ಟರು ಮೇಜಿನ ಮೇಲಿದ್ದ ಚಾರ್ಟಿನ ಮೇಲೆಯೇ ಇಟ್ಟುಕೊಂಡರು. "ನೀವು ಹುಳ ನೋಡ್ಕೊಳ್ಳಿ. ಮಿದುಳನ್ನ ನಮಗೆ ಬಿಡಿ." ಕಡತದ ಮೊದಲ ಪುಟದಲ್ಲಿ ಏನೋ ಗೀಚಿ, ಮಾತ್ರೆ ಬರೆದು, ಗಂಟೆ ಒತ್ತಿದರು.

ಮೂರು ನಿಮಿಷ. ರಾಮನಗರದ ಮಾರುಕಟ್ಟೆಯಲ್ಲಿ ಒಂದು ಲಾಟು ಗೂಡು ಕೊಂಡು ನೂಲು ತೆಗೆಯುವ ರೀಲರು ಅದಕ್ಕಿಂತ ಹೆಚ್ಚು ಹೊತ್ತು ಕೈಯಾಡಿಸಿ, ಅಲುಗಿಸಿ, ಕಿವಿಗೆ ಹಿಡಿದು ನೋಡುತ್ತಾನೆ.

ಆಮೇಲೆ ಇನ್ನೆರಡು ಆಸ್ಪತ್ರೆ ಸುತ್ತಿದರು. ಎಲ್ಲ ಕಡೆಯೂ ಒಂದೇ ರೀತಿ. ಡಾಕ್ಟರು ಮೊದಲು ಕಡತ ತೆರೆಯುವರು, ಮೊದಲ ಪುಟ ಓದುವರು. ಆ ಬಳಿಕ ಭಾನುಪ್ರಿಯ ಬಾಯಿ ತೆರೆದರೆ, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವಂತೆ ತಲೆಯಾಡಿಸುವರು. ಒಂದು ಮಾತ್ರೆ ಎರಡಾಯಿತು, ಎರಡು ಮೂರಾಯಿತು. ಪೂರ್ವಿಕಾ ಬೆಂಚಿನ ಮೇಲೆ ತೂಕಡಿಸತೊಡಗಿದಳು. ಅವಳ ನಾಲಿಗೆಯಿಂದ ಮಾತುಗಳು ಒಂದೊಂದಾಗಿ ಉದುರಿದವು. ಪೆನ್ಸಿಲ್ "ಬರಿಯೋದು" ಆಯಿತು, ಬಸ್ಸು "ಹೋಗೋದು" ಆಯಿತು. ಎಂಟರ ಹುಡುಗಿ ತನ್ನ ಹೆಸರಿನ ಒತ್ತಕ್ಷರ ಮರೆತಳು. ಶಾಲೆಯವರು ಮುಂದಿನ ವರ್ಷಕ್ಕೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಇಷ್ಟಾದರೂ ಚುಕ್ಕೆ ಇಡುವುದನ್ನು ತಾಯಿ ಒಂದು ದಿನವೂ ತಪ್ಪಿಸಲಿಲ್ಲ.

ಕಳೆದ ವರ್ಷ ರಾಮನಗರದಲ್ಲಿ ಫಿಟ್ಸ್ ಇರುವ ಮಕ್ಕಳಿಗಾಗಿ ಒಂದು ಶಿಬಿರ ನಡೆಯಿತು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಮಿದುಳಿನ ಜೀವಕೋಶಗಳು ಶಕ್ತಿಯನ್ನು ಹೇಗೆ ಬಳಸುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದ ಪ್ರತಿಮಾ ಎಂಬಾಕೆ ರಕ್ತದ ಮಾದರಿ ಪಡೆಯಲು ಬಂದಿದ್ದಳು. ಆ ದಿನ ಭಾನುಪ್ರಿಯ ಕಡತವನ್ನು ಚೀಲದಿಂದ ತೆಗೆಯಲೇ ಇಲ್ಲ. ಇಪ್ಪತ್ತಾರು ಬೆಳೆಗಳ ಚಾರ್ಟನ್ನು ದಾರದಲ್ಲಿ ಕಟ್ಟಿ ತಂದಿದ್ದಳು. ಅದನ್ನೇ ಮುಂದಿಟ್ಟಳು.

ಪ್ರತಿಮಾ ಪುಟ ತಿರುವಿದಳು. ಮತ್ತೆ ಮೊದಲ ಬೆಳೆಗಳ ಹಾಳೆಗೆ ಬಂದಳು. "ಈ ಖಾಲಿ ಇರೋ ದಿನಗಳು ಯಾವುವು?"

"ಹುಳ ತಿನ್ನದ ದಿನ ಮೇಡಂ. ಅವತ್ತು ನಾವು ಬೇಗ ಉಣ್ತಿದ್ವಿ."

ಪ್ರತಿಮಾ ಕುರ್ಚಿ ಹತ್ತಿರ ಎಳೆದುಕೊಂಡಳು. ಒಂದು ಗಂಟೆ ಎದ್ದೇಳಲಿಲ್ಲ. ಹಿಂದೆ ಸಾಲಿನಲ್ಲಿದ್ದ ಮಾಗಡಿ ಕಡೆಯ ದಾಸಮ್ಮ ಎಂಬ ಮುದುಕಿ, "ಏನಮ್ಮಯ್ಯ, ಅಲ್ಲೇ ಒಲೆ ಹೂಡ್ತೀಯಾ?" ಎಂದು ಗದರಿದಳು.

ಎರಡು ವಾರದಲ್ಲಿ, ಪ್ರತಿಮಾ ಹೇಳಿಸಿಕೊಟ್ಟ ಬೆಂಗಳೂರಿನ ಬೇರೊಂದು ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರಿನ ಪರೀಕ್ಷೆ ಆಯಿತು. ರಕ್ತದಲ್ಲಿ ಸಕ್ಕರೆ ತೊಂಬತ್ತು. ಮಿದುಳನ್ನು ತೋಯಿಸುವ ಆ ನೀರಿನಲ್ಲಿ ಮೂವತ್ತನಾಲ್ಕು. ಪ್ರತಿಮಾ ಬಿಡಿಸಿ ಹೇಳಿದಳು. ಮಿದುಳಿನ ಒಂದೊಂದು ಕೋಶವೂ ಪ್ರತಿ ಸಲ ಮಿಡಿದ ಮೇಲೆ ತನ್ನೊಳಗೆ ನುಗ್ಗಿದ ಉಪ್ಪನ್ನು ಹೊರಗೆ ದಬ್ಬಬೇಕು. ಅದಕ್ಕೆ ಎಡೆಬಿಡದೆ ಶಕ್ತಿ ಬೇಕು. ರಕ್ತದಿಂದ ಮಿದುಳಿಗೆ ಸಕ್ಕರೆ ದಾಟಿಸುವ ಬಾಗಿಲುಗಳು ಈ ಮಗುವಿಗೆ ಹುಟ್ಟಿನಿಂದಲೇ ಅರ್ಧಕ್ಕರ್ಧ ಇಲ್ಲ. ಹೊಟ್ಟೆ ಖಾಲಿಯಾದಾಗ ಕೋಶಗಳು ಸೋಲುತ್ತವೆ. ಮಿಕ್ಕವನ್ನು ಅಂಕೆಯಲ್ಲಿಡುವ ಕೋಶಗಳೇ ಮೊದಲು ಸೋತರೆ, ಉಳಿದವೆಲ್ಲ ಒಟ್ಟಿಗೆ ಸಿಡಿಯುತ್ತವೆ. ಅದೇ ಫಿಟ್ಸ್.

"ಅಂದ್ರೆ ತೋಟದಲ್ಲಿ ಸೊಪ್ಪೈತೆ, ಅಟ್ಟಣಿಗೆಗೆ ಬೀಳ್ತಿಲ್ಲ," ಎಂದಳು ಭಾನುಪ್ರಿಯ.

"ಅಷ್ಟೇ. ಕೊಬ್ಬು ಕರಗಿ ಬರೋ ಶಕ್ತಿಗೆ ಬೇರೆ ಬಾಗಿಲಿದೆ. ಅದು ಇವಳಿಗೆ ಸರಿಯಾಗಿದೆ."

ಹಾಗಾಗಿ ತುಪ್ಪ, ಮೊಟ್ಟೆ, ಕೊಬ್ಬರಿ ಎಣ್ಣೆಯ ಪಥ್ಯ. ಗ್ರಾಮಿನ ತಕ್ಕಡಿಯಲ್ಲಿ ತೂಗಿಯೇ ತಿನ್ನಿಸಬೇಕು. ಅನ್ನ ಇಲ್ಲ, ಬೆಲ್ಲ ಇಲ್ಲ. "ಮುದ್ದೆನೂ ಬ್ಯಾಡ್ವಂತಾ? ಮುದ್ದೆ ಬ್ಯಾಡ ಅನ್ನೋಳು ಯಾವ ಸೀಮೆ ಡಾಕ್ಟ್ರು?" ಎಂದು ಕಾವೇರಮ್ಮ ಕೆರಳಿದಳು. ಆದರೆ ಮೂರು ವಾರ ಕಳೆದು, ಮೊಮ್ಮಗಳು ಅಂಗಳದಲ್ಲಿ ನಿಂತು "ಅಜ್ಜಿ, ಬಸ್ಸು ಬಂತು" ಎಂದ ದಿನ, ಆ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ತುಪ್ಪದ ಪಾತ್ರೆ ಅಂದಿನಿಂದ ಅವಳ ಸುಪರ್ದಿಗೆ ಬಂತು. ಎರಡು ಮಾತ್ರೆ ನಿಂತವು. ಚಾರ್ಟಿನಲ್ಲಿ ಒಂದು ಇಡೀ ಬೆಳೆ ಚುಕ್ಕೆಯಿಲ್ಲದೆ ಕಳೆಯಿತು, ಎರಡನೆಯದೂ ಕಳೆಯಿತು.

ಮೂರನೆಯ ಬೆಳೆಯ ಹೊತ್ತಿಗೆ ಪೂರ್ವಿಕಾಳಿಗೆ ವಾಂತಿ ಹಿಡಿಯಿತು. ಚನ್ನಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಬಾಟಲಿ ತೂಗುಹಾಕಿದರು. ಸಕ್ಕರೆ ಏರಿಸಿದರೆ ಪಥ್ಯ ಮುರಿಯುತ್ತದೆ, ಬರೀ ಉಪ್ಪುನೀರು ಹಾಕಿ, ಬೆಂಗಳೂರಿಗೆ ಒಂದು ಫೋನು ಮಾಡಿ ಎಂದು ಭಾನುಪ್ರಿಯ ಕೈ ಅಡ್ಡ ಹಿಡಿದಳು. ಅಲ್ಲಿಯ ಡಾಕ್ಟರು ಕಡತ ತೆರೆದು ಮೊದಲ ಪುಟ ನೋಡಿದರು. "ಇವರನ್ನ ಹೊರಗೆ ಕೂರಿಸಿ," ಎಂದರು. ಬಾಟಲಿ ಏರಿತು. ಮರುದಿನ ಮಧ್ಯಾಹ್ನ ಮಗು ಮತ್ತೆ ಬಿತ್ತು. ಆ ವಾರದಲ್ಲಿ ನಾಲ್ಕು ಸಲ ಬಿತ್ತು.

ಭಾನುಪ್ರಿಯ ಕಡತ ಹಿಡಿದು ಪ್ರತಿಮಾಳ ಬಳಿಗೆ ಹೋದಳು. "ಈ ಪುಟದಲ್ಲಿ ಏನೋ ಐತೆ ಮೇಡಂ. ಇದನ್ನ ಓದಿದವ್ರು ಯಾರೂ ನನ್ನ ಮಾತು ಕೇಳಕ್ಕಿಲ್ಲ. ಏನೈತೆ?"

ಆ ಸಾಲು ಅರ್ಧಕ್ಕೆ ಕತ್ತರಿಸಿದ ನಾಲ್ಕು ಇಂಗ್ಲಿಷ್ ಪದಗಳಲ್ಲಿತ್ತು. ಅದು ಯಾವುದೋ ಮಾತ್ರೆಯ ಹೆಸರೆಂದೇ ಅವಳು ತಿಳಿದಿದ್ದಳು. ಪ್ರತಿಮಾ ಓದಿ, ಕನ್ನಡದಲ್ಲಿ ಹೇಳಿದಳು: "ತಾಯಿ ಕೊಡುವ ಮಾಹಿತಿ ನಂಬಲರ್ಹವಲ್ಲ. ಮೂಢನಂಬಿಕೆ."

ಮೂರು ನಿಮಿಷದಲ್ಲಿ ಬರೆದ ನಾಲ್ಕು ಪದ. ಒಬ್ಬ ತಾಯಿ ಆ ನಾಲ್ಕು ಪದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಗೆ ನೆನೆಯದಂತೆ ಕಾಪಾಡಿ, ತನ್ನ ಕೈಯಾರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗಿದ್ದಳು.

ಮುಂದಿನ ಸೋಮವಾರ ಅವಳು ಮಗಳೊಂದಿಗೆ ಆ ದೊಡ್ಡ ಆಸ್ಪತ್ರೆಯ ಸಾಲಿನಲ್ಲಿ ಕುಳಿತಳು. ಲೋಕೇಶ್ ರಜೆ ಹಾಕಿ ಬರುತ್ತೇನೆಂದಿದ್ದ, ಬೇಡವೆಂದಿದ್ದಳು. ಸರದಿ ಬಂದಾಗ ಬಾಗಿಲು ಮುಚ್ಚಲು ಬಿಡದೆ ಒಳಗೆ ಹೋಗಿ, ಪರೀಕ್ಷೆಯ ವರದಿಯನ್ನೂ ಆ ಪುಟವನ್ನೂ ಪಕ್ಕಪಕ್ಕ ಇಟ್ಟಳು. ಅದೇ ಡಾಕ್ಟರು ವರದಿ ಓದಿದರು. ಬಹಳ ಹೊತ್ತು ಓದಿದರು.

"ಇದು ತುಂಬಾ ಅಪರೂಪದ ಕಾಯಿಲೆ ಅಮ್ಮಾ. ಯಾರಿಗಾದರೂ ತಪ್ಪಬಹುದಿತ್ತು."

"ಕಾಯ್ಲೆ ತಪ್ಪಿದ್ದಕ್ಕೆ ಬಂದಿಲ್ಲ ಸಾರ್. ಈ ಸಾಲಿಗೆ ಬಂದಿವ್ನಿ. ಅಳಿಸಿ."

"ದಾಖಲೆ ಅಳಿಸೋಕೆ ಬರಲ್ಲ."

"ಹಂಗಾದ್ರೆ ಕೆಳಗೆ ಬರೀರಿ. ಕನ್ನಡದಲ್ಲಿ. ಇನ್ನೊಬ್ಬ ಡಾಕ್ಟ್ರು ಈ ಪುಟ ತೆಗೆದ್ರೆ ಎರಡೂ ಕಾಣ್ಬೇಕು."

ಡಾಕ್ಟರು ಪೆನ್ನು ತೆಗೆದು ಬರೆದರು: ತಾಯಿಯ ಹೇಳಿಕೆ ಸರಿಯೆಂದು ಈಗ ದೃಢಪಟ್ಟಿದೆ. ಸಹಿ ಹಾಕಿ ಪುಟ ತಿರುಗಿಸಿ ತಳ್ಳಿದರು. ಭಾನುಪ್ರಿಯ ಓದಿ, ಮತ್ತೆ ಅವರ ಕಡೆಗೇ ತಳ್ಳಿದಳು.

"ಈಗ ಅನ್ನೋದನ್ನ ಹೊಡೀರಿ. ನಾನು ಹೇಳಿದ್ದು ೨೦೨೧ರ ಆಗಸ್ಟ್ ಹನ್ನೊಂದು. ನಾನು ಈಗ ಸರಿಯಾದೋಳಲ್ಲ ಸಾರ್. ಅವತ್ತೇ ಸರಿ ಇದ್ದೆ."

ತೆರೆದ ಬಾಗಿಲಲ್ಲಿ ಸಾಲಿನವರ ಮುಖಗಳು ಇಣುಕುತ್ತಿದ್ದವು. ಡಾಕ್ಟರು "ಈಗ" ಎಂಬುದರ ಮೇಲೆ ಗೆರೆ ಎಳೆದು, ಆ ತಾರೀಕಿನಂದೇ ತಾಯಿ ತಿಳಿಸಿದ್ದರೆಂದೂ ತಾವು ಕೇಳಲಿಲ್ಲವೆಂದೂ ಬರೆದರು. ಕೊನೆಯ ಪದ ಬರೆಯುವಾಗ ಅವರ ಕೈ ನಿಧಾನವಾಯಿತು. ಭಾನುಪ್ರಿಯ ಅದನ್ನು ಹೊರಗೆ ಕುಳಿತವರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಮಗಳ ಕೈ ಹಿಡಿದು ಎದ್ದಳು. ನಮಸ್ಕಾರ ಹೇಳಲಿಲ್ಲ.