ಎರಡು ಗುಂಡಿನ ಸದ್ದು

ಅಕ್ಕನ ಸಾವನ್ನು ಟಿ.ವಿ.ಯವರು ಸಿನಿಮಾ ಮಾಡಿ ಭಾನುವಾರ ಮಧ್ಯಾಹ್ನ ಹಾಕಿದರು. ಹೆಸರು ಬದಲಿಸಿದ್ದರು. ಕೊಡಗಿನ ಕಾಫಿ ತೋಟ ಅಂತ ತೋರಿಸಿದ್ದು ಟೀ ತೋಟ! ಕಾಫಿ ಗಿಡದ ಗುರುತಿಲ್ಲದವರಿಗೆ ನಮ್ಮ ಮನೆಯ ಸಾವು ಮಾತ್ರ ಬೇಕಾಗಿತ್ತು. ಸಿಟ್ಟು ಬಂದು ರಿಮೋಟ್ ಕಿತ್ತುಕೊಂಡೆ. ಅವ್ವ ಬಿಡಲಿಲ್ಲ.

“ಹಾಕು. ಮೂರ್ನಾಡು ಊರೆಲ್ಲ ನೋಡ್ತದೆ, ಹೆತ್ತವಳು ನೋಡ್ಬಾರ್ದಾ?”

ಅಕ್ಕನನ್ನು ಕೊಟ್ಟದ್ದು ನಮ್ಮ ಗದ್ದೆಯಾಚೆಯ ಮನೆಗೇ. ಅವಳ ಮಾವ ಹಾಸಿಗೆ ಹಿಡಿದಿದ್ದರು. ಇವತ್ತೋ ನಾಳೆಯೋ ಎಂಬಂತಿದ್ದರು. ನಮ್ಮ ಕಡೆ ಸಾವಾದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಕೇಳಿದವರು ಕೈಗೆಲಸ ಬಿಟ್ಟು, ಬಿಳಿ ಉಟ್ಟು ಹೋಗಬೇಕು. ಆ ಬೆಳಿಗ್ಗೆ ಆಚೆಯಿಂದ ಎರಡು ಗುಂಡು ಕೇಳಿದಾಗ ಅವ್ವ ಕೈಮುಗಿದಳು.

“ಪಾಪ, ಮುದುಕರು ಪಾರಾದ್ರು.”

ಒಲೆ ಆರಿಸಿದಳು. ಪೆಟ್ಟಿಗೆಯಿಂದ ಬಿಳಿ ಸೀರೆ ತೆಗೆದು ಉಟ್ಟು, ನನ್ನನ್ನೂ ಹೊರಡಿಸಿ, ಗದ್ದೆಯ ಬದುವಿನ ಮೇಲೆ ನಿಧಾನವಾಗಿ ನಡೆದಳು. ದಾರಿಯಲ್ಲಿ ಸಿಕ್ಕವರೂ ಬಿಳಿಯಲ್ಲೇ ಇದ್ದರು.

ಹೋಗಿ ನೋಡಿದರೆ ಮಾವ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಬಿದ್ದಿದ್ದಳು. ಕೋವಿ ಒರೆಸುವಾಗ ಕೈತಪ್ಪಿ ಎರಡು ನಳಿಗೆಯೂ ಸಿಡಿದವು ಎಂದ ಭಾವ. ಸಾಕ್ಷಿ ಸಾಲದೆಂದು ಕೋರ್ಟು ಅವನನ್ನು ಬಿಟ್ಟಿತು. ನಾನು ಆಗಲೂ ನಂಬಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಅವ್ವನನ್ನು ತಿನ್ನುತ್ತಿರುವುದು ಬೇರೆಯೇ. ಗುಂಡು ತಗಲಿದ ಮೇಲೂ ಅಕ್ಕನಿಗೆ ಸ್ವಲ್ಪ ಹೊತ್ತು ಜೀವವಿತ್ತು ಎಂದು ಡಾಕ್ಟರು ಕೋರ್ಟಿನಲ್ಲಿ ಹೇಳಿದ್ದರು. ಅದನ್ನು ಕೇಳಿದ ಮೇಲೆ ಅವ್ವ ಯಾರ ಸಾವಿಗೂ ಹೋಗಿಲ್ಲ. ತೋಟಕ್ಕೆ ನುಗ್ಗಿದ ಆನೆ ಓಡಿಸಲು ಯಾರಾದರೂ ಪಟಾಕಿ ಹೊಡೆದರೂ ಸಾಕು, ಉಟ್ಟ ಬಟ್ಟೆಯಲ್ಲೇ ಗದ್ದೆಗೆ ಇಳಿದುಬಿಡುತ್ತಾಳೆ. ಕೈಹಿಡಿದು ಕರೆತರುವಾಗ ನನಗೆ ಹೆದರಿಕೆಯಾಗುತ್ತದೆ.

ಸಿನಿಮಾದಲ್ಲಿ ಒಂದೇ ಗುಂಡು ಕೇಳಿಸಿತು. ಆ ಸದ್ದಿಗೆ ಅವ್ವನ ಪಾತ್ರದವಳು ಕೈಯಲ್ಲಿದ್ದ ಪಾತ್ರೆ ಎಸೆದು, ಮಗಳ ಹೆಸರು ಕೂಗುತ್ತಾ ಟೀ ಗಿಡಗಳ ನಡುವೆ ಓಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಳಾದವರು, ಸುಳ್ಳನ್ನಾದರೂ ಬೇರೆ ಹೇಳಬಾರದಿತ್ತೇ? ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಪಕ್ಕಕ್ಕೆ ತಿರುಗಿದೆ. ಅವ್ವ ಉಸಿರು ಬಿಗಿಹಿಡಿದು ಕುಳಿತಿದ್ದಳು.

ಆಮೇಲೆ ಬಂದ ಪೊಲೀಸು, ಕೋರ್ಟು ಯಾವುದನ್ನೂ ಅವಳು ನೋಡಲಿಲ್ಲ. ಭಾವನ ಪಾತ್ರದವನಿಗೆ ಕೊನೆಗೆ ಶಿಕ್ಷೆಯಾಯಿತು. ಅದಕ್ಕೂ ಅವಳು ತಲೆಯೆತ್ತಲಿಲ್ಲ.

ಈಗ ಆ ಸಿನಿಮಾ ಮೊಬೈಲಿನಲ್ಲೂ ಸಿಗುತ್ತದೆ. ದಿನಾ ಊಟವಾದ ಮೇಲೆ ಅವ್ವ ಬಂದು ನನ್ನ ಪಕ್ಕ ಕೂರುತ್ತಾಳೆ.

“ಓಡೋದು ಹಾಕು.”

ಹಾಕುತ್ತೇನೆ. ನಿನ್ನೆ ಮಾತ್ರ ನನಗೆ ತಡೆಯಲಾಗಲಿಲ್ಲ.

“ಸಾಕು ಮಾಡವ್ವ! ಎಷ್ಟು ಸಲ ನೋಡಿದ್ರೂ ಅದೇ ಅಲ್ವಾ?”

ಅವಳು ಮೊಬೈಲಿನಿಂದ ಕಣ್ಣು ಕೀಳಲಿಲ್ಲ.

“ಸುಮ್ನಿರು ಮಾರಾಯ್ತಿ. ಇವತ್ತು ಜೋರು ಓಡ್ತಾ ಇದ್ದಾಳೆ. ಮುಟ್ತಾಳೆ, ನೋಡು.”

ಮಗಳ ಮನೆಯ ಬಾಗಿಲು ಕಾಣಿಸಿಕೊಳ್ಳುವ ಮೊದಲೇ ನಾನು ಸಿನಿಮಾವನ್ನು ಹಿಂದಕ್ಕೆ ಎಳೆದೆ.