ಪಡುಗೋಡೆಯ ಸುಣ್ಣ

ಚಿಪ್ಪಿನ ಸುಣ್ಣಕ್ಕೆ ನೀರು ಬಿದ್ದಾಗ ಏಳುವ ಬಿಸಿ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಪಾಡೂ ಅರ್ಥವಾದೀತು. ಇವತ್ತು ಬೆಳಿಗ್ಗೆ ಅಂಕೋಲೆಯ ನಮ್ಮ ಅಂಗಳದಲ್ಲಿ ಸುಣ್ಣ ಹೊಡೆಯುವ ಗಣಪು ಬಕೆಟ್ಟಿನಲ್ಲಿ ಕೋಲಾಡಿಸುತ್ತ, "ಮಾಸ್ತರ್ರೆ, ಮೂರು ಬದಿ ಹೊಡೆಸ್ತ್ರಿ, ಪಡುಗೋಡೆ ಒಂದು ಎಂತಕೆ ಬಿಡೂದು?" ಎಂದ. ಜೀವಮಾನವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿಯೇ ಸಂಬಳ ಎಣಿಸಿದವನು ನಾನು. ಉತ್ತರ ಹೇಳುವ ಬದಲು ಮೀನನ್ನು ನೆನೆಯುತ್ತ ನಿಂತೆ.

ಮೀನೆಂದರೆ ಗೋಬ್ರ. ಕಡಲಡಿಯ ಬಂಡೆಗಳ ಸಂದಿಯಲ್ಲಿ ಬಾಳುವ, ದಪ್ಪ ತುಟಿಯ, ಯಾರೋ ನಿದ್ದೆಗೆಡಿಸಿದ ಹಾಗೆ ಮುಖ ಮಾಡಿಕೊಂಡಿರುವ ಮೀನು. ಪರೀಕ್ಷೆಯ ಪೇಪರು ತಿದ್ದುವಾಗ ನನ್ನ ಮುಖವೂ ಹಾಗೆಯೇ ಇರುತ್ತಿತ್ತೆಂದು ಮಗಳು ಹೇಳುತ್ತಾಳೆ. ಅದರ ತಲೆಯ ಸಾರಿನ ಮುಂದೆ ನನ್ನ ಯಾವ ವೈರಾಗ್ಯವೂ ನಿಲ್ಲುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಚೆಂಡಿಯಾದಲ್ಲಿ. ಪ್ರತಿ ವರ್ಷ ನೂಲಹುಣ್ಣಿಮೆ ಕಳೆದ ಕೂಡಲೇ ದಂಡೆಯ ವಿಠೋಬ ಮಾಮ ತಾನೇ ಸುಣ್ಣ ಹೊತ್ತು ತಂದು ನಮ್ಮ ಮನೆಯ ಪಡುಗೋಡೆಗೆ ಮಾತ್ರ ಬಳಿದು ಹೋಗುತ್ತಿದ್ದ. ಉಳಿದ ಮೂರು ಗೋಡೆಗಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೇಲಿಂದ ಒಂದು ಗೋಬ್ರವನ್ನೂ ಕೊಡುತ್ತಿದ್ದ. ಮಾಮನಿಗೆ ತಲೆ ಸ್ವಲ್ಪ ಸಡಿಲವೆಂದು ನಾನು ಬಹುಕಾಲ ನಂಬಿದ್ದೆ.

ಒಮ್ಮೆ ದೋಣಿಯಲ್ಲಿ ಕರೆದೊಯ್ದಾಗ ಗುಟ್ಟು ತಿಳಿಯಿತು. ನೀರಿನ ಮೇಲೆ ಗುರುತಿನ ಕಲ್ಲು ನೆಡಲಾಗುವುದಿಲ್ಲವಲ್ಲ, ಅದಕ್ಕೆ ಅವನು ದಡದ ಗುರುತು ಹಿಡಿಯುತ್ತಿದ್ದ. ಕಡಲಿಗೆ ಮುಖ ಮಾಡಿದ ನಮ್ಮ ಬಿಳಿ ಪಡುಗೋಡೆ ಹಿಂದಿನ ಗುಡ್ಡದ ಕೊರಕಲಿನ ಕೆಳಗೆ ನೆಟ್ಟಗೆ ಬರಬೇಕು. ಅದೇ ಹೊತ್ತಿಗೆ ದೀಪಸ್ತಂಭ ದ್ವೀಪದ ತುದಿಗೆ ತಾಗಬೇಕು. ಅಲ್ಲಿ ಗಾಳ ಬಿಟ್ಟರೆ ಕೆಳಗೆ ಬಂಡೆ, ಬಂಡೆಯಲ್ಲಿ ಗೋಬ್ರ. "ಯಾರ ಹತ್ರೂ ಹೇಳೂಕಾಗ, ತಮ್ಮಾ" ಎಂದಿದ್ದ.

ಹೇಳದಿದ್ದರೂ ಅವನ ದೋಣಿಯ ಬೆನ್ನು ಹಿಡಿದು ನಾಲ್ಕು ದೋಣಿಗಳು ಬರತೊಡಗಿದವು. ಮೊದಲು ತಲೆಯೊಂದಕ್ಕೇ ಬೇರೆ ಪಾತ್ರೆ ಬೇಕಾಗುತ್ತಿದ್ದ ಗೋಬ್ರ, ಬರಬರುತ್ತ ಇಡಿಯಾಗಿ ಬಾಣಲೆಯಲ್ಲಿ ಮಲಗತೊಡಗಿತು. ಅಷ್ಟರಲ್ಲಿ ಊರಿನ ಜಾಗ ನೌಕಾನೆಲೆಗೆ ಹೋಯಿತು. ನಾವು ಅಂಕೋಲೆಗೆ ಬಂದೆವು, ಮಾಮ ಮಾಜಾಳಿಯ ತಂಗಿಯ ಮನೆ ಸೇರಿದ. ಗೋಡೆ ಬಿದ್ದ ಮೇಲೆ ಬೆನ್ನು ಹಿಡಿದವರಿಗೂ ಬಂಡೆ ಸಿಗದೆ ಹೋಯಿತು.

ನಾಲ್ಕೈದು ವರ್ಷ ಕಳೆದಿರಬೇಕು. ದೋಣಿಗಳಿಗೆ ಜಿಪಿಎಸ್ ಬರತೊಡಗಿದ್ದ ಕಾಲ. ಮಾಮನ ಸೋದರಳಿಯ ಸುಧೀರ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದ. "ಮಾಮಂಗೆ ಕಣ್ಣು ಕಾಣೂದಿಲ್ಲ, ಗುರ್ತೂ ಮರ್ತೋಗಿದೆ ಅಂತಾನೆ. ನೀವು ಒಂದಿನ ದೋಣಿಲಿ ಬಂದು ಆ ಗೋಡೆ ಎಲ್ಲಿತ್ತು ತೋರ್ಸಿದ್ರೆ ಸಾಕು, ಮಾಸ್ತರ್ರೆ. ನಾ ಒಂದು ಬಟನ್ ಒತ್ತಿ ಇಟ್ಕಂತೆ. ನಿಮ್ಗೆ ಜೀವಮಾನಕ್ಕಾಗುವಷ್ಟು ಗೋಬ್ರ."

ನನ್ನ ಬಾಯಲ್ಲಿ ನೀರೂರಿತು, ಸುಳ್ಳೇಕೆ ಹೇಳಲಿ. ಆದರೆ ಕಾರವಾರದಲ್ಲಿ ಸಮುದ್ರದ ಜೀವಿಗಳ ಬಗ್ಗೆ ಓದುತ್ತಿದ್ದ ಮಗಳು ಹಿಂದಿನ ವಾರವಷ್ಟೇ ನನ್ನ ಊಟ ಕೆಡಿಸಿದ್ದಳು. "ಅಪ್ಪಾ, ಈ ಗೋಬ್ರ ಎಲ್ಲಾ ಹುಟ್ಟೂದು ಹೆಣ್ಣಾಗೇ. ವರ್ಷಗಟ್ಲೆ ಬೆಳ್ದು ದೊಡ್ಡದಾದ ಮೇಲೆ ಕೆಲವು ಗಂಡಾಗ್ತವೆ. ಆ ದೊಡ್ಡದನ್ನೆಲ್ಲ ನೀವು ತಿಂದ್ರಿ. ಈಗ ಕಡಿಮೆಯಾಗ್ತಾ ಇರೋ ಮೀನುಗಳ ಪಟ್ಟಿಗೆ ಇದರ ಹೆಸರೂ ಸೇರಿದೆ." ಆ ಪಟ್ಟಿಯಲ್ಲಿ ನನ್ನ ಪಾಲೆಷ್ಟೆಂದು ಅವಳೇನೂ ಹೇಳಲಿಲ್ಲ, ನನಗೆ ಮಾತ್ರ ತಲೆಯ ಪಾತ್ರೆಗಳೆಲ್ಲ ಕಣ್ಣ ಮುಂದೆ ಬಂದವು.

ನಾನು ಮಾಮನ ಕಡೆ ನೋಡಿದೆ. ಅವನು ಮಂಜುಗಣ್ಣುಗಳನ್ನು ನನ್ನ ಕಡೆ ತಿರುಗಿಸಿ, ಉಸಿರು ಹಿಡಿದು ಕೂತಿದ್ದ. ಆ ಮನೆಯ ಬಾವಿಯ ಮೆಟ್ಟಿಲೆಷ್ಟು, ಪಡುಗೋಡೆಯ ಯಾವ ಬಿರುಕಿನಲ್ಲಿ ಇರುವೆ ಹೊರಡುತ್ತಿತ್ತು ಎಂಬುದೂ ನನಗೆ ನೆನಪಿದೆ. ಕಣ್ಣು ಮುಚ್ಚಿದರೆ ಈಗಲೂ ನಡೆದುಹೋಗಿ ಕದ ತಟ್ಟಬಲ್ಲೆ. "ಗೋಡೆ ಎಲ್ಲಿತ್ತು ಅಂತ ನಂಗೂ ಮರ್ತೋಯ್ತು, ಸುಧೀರಾ" ಎಂದೆ. ಹುಟ್ಟಿದ ಮನೆಯನ್ನು ಮರೆತೆ ಎಂದು ಬಾಯಿಬಿಟ್ಟು ಹೇಳುವುದು, ಅದನ್ನು ಬಿಟ್ಟುಬಂದ ದಿನಕ್ಕಿಂತ ಕಷ್ಟವಾಯಿತು.

ಸುಧೀರ ಸಪ್ಪೆ ಮೋರೆ ಮಾಡಿಕೊಂಡು ಬೈಕು ತಿರುಗಿಸಲು ಹೋದ. ಮೆಟ್ಟಿಲಿಳಿಸುವಾಗ ಮಾಮ ನನ್ನ ಮುಂಗೈ ಒತ್ತಿ ಹಿಡಿದು, "ನಂಗೂ ನಿನ್ನಂಗೇ ಮರ್ತೋಗಿದೆ, ತಮ್ಮಾ" ಎಂದ. ದೀಪಸ್ತಂಭವೂ ಕೊರಕಲೂ ಅವನ ತಲೆಯಲ್ಲಿ ಇದ್ದಲ್ಲೇ ಇದ್ದವೆಂದು ಆಗ ಗೊತ್ತಾಯಿತು. ಆವತ್ತಿನಿಂದ ಈ ಮನೆಯ ಪಡುಗೋಡೆಗೆ ಸುಣ್ಣ ಹೊಡೆಸಲು ನನಗೆ ಮನಸ್ಸಾಗಿಲ್ಲ. ಮರೆತೆ ಎಂದವನಿಗೆ ಬಿಳಿ ಗೋಡೆ ಯಾಕೆ?

ಇಷ್ಟೆಲ್ಲ ನೆನಪಾಗಲು ಸುಣ್ಣದ ವಾಸನೆಯೊಂದೇ ಕಾರಣವಲ್ಲ. ಮೊನ್ನೆ ಮೀನು ಪೇಟೆಯಲ್ಲಿ ಸುಧೀರ ಸಿಕ್ಕಿದ್ದ. "ಈ ವರ್ಷ ಗಾಳಕ್ಕೆ ಗೋಬ್ರದ ಮರಿ ಬೀಳ್ತಾವೆ, ಮಾಸ್ತರ್ರೆ. ಎಲ್ಲಿಂದ ಬಂದ್ವೋ. ಮಾಮ ಮುಟ್ಟಿ ನೋಡಿ, ಬಿಡು ಅಂತಾನೆ. ನಾನೂ ಬಿಡ್ತೆ" ಎಂದ. ಅವು ಆ ಬಂಡೆಯವೇ ಎಂದು ಯಾರೂ ಆಣೆ ಇಡಲಾರರು, ಮಗಳಂತೂ ಇಡುವುದಿಲ್ಲ. ನಾಳೆ ಯಾವುದಾದರೂ ಯಂತ್ರ ಬಂಡೆಯನ್ನು ಹುಡುಕಲೂಬಹುದು. ಆದರೂ ನನಗೆ ಖುಷಿಯಾಗಿದೆ, ಬಂಡೆಯ ಮೀನಿಗೆ ಬೆಳೆಯಲು ಇಷ್ಟಾದರೂ ವರ್ಷ ಸಿಕ್ಕಿತಲ್ಲ.

ಗಣಪು ಇನ್ನೂ ಕುಂಚ ಹಿಡಿದು ಕಾಯುತ್ತಿದ್ದ. "ಎಲ್ಲಿಂದ ಶುರು ಮಾಡೂದು, ಮಾಸ್ತರ್ರೆ?"

"ಪಡುಗೋಡೆಯಿಂದ" ಎಂದೆ. "ಎರಡು ಕೈ ಹೊಡಿ. ಇದು ಸಮುದ್ರದಿಂದ ಕಾಣೂದಿಲ್ಲ."